ಎಸ್ಕಾರ್ಟಿಗೆ ಜೋಡಿ ಫ್ಯಾನು

ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಟೊಯೋಟಾದ ಮೂತಿಯೊಳಗೆ ಬ್ರೋನಾ ಮೊಣಕೈವರೆಗೆ ಕೈ ತೂರಿಸಿ, ಒಂದೇ ಚೌಕಟ್ಟಿನಲ್ಲಿ ಕೂತಿದ್ದ ಎರಡು ಪುಟ್ಟ ಫ್ಯಾನುಗಳನ್ನು ಹಿಡಿದಳು. ಆಚೆ ಬದಿಯಿಂದ ಇನ್ನೊಂದು ಕೈ ಅದನ್ನೇ ಹಿಡಿದಿತ್ತು.

ಅವಳು ಎಳೆದಳು. ಆ ಕೈಯೂ ಎಳೆಯಿತು.

"ಬಿಡು."

"ನೀನು ಬಿಡು. ಇದರ ನಾಲ್ಕು ಸ್ಕ್ರೂ ಬಿಚ್ಚಿದ್ದು ನಾನು."

ಬಾನೆಟ್ಟಿನ ಮೇಲಿಂದ ಒಂದು ತಲೆ ಎದ್ದಿತು. ಕೀಲನ್ ಟೋಲಂಡ್. ಹುಬ್ಬಿನ ಮೇಲೆ ಗ್ರೀಸ್, ತುಟಿಯ ತುದಿಯಲ್ಲಿ ಒಂದು ಸ್ಕ್ರೂ. ಅವಳನ್ನು ನೋಡಿದ್ದೇ ಸ್ಕ್ರೂ ಬಾಯಿಂದ ಕೆಳಗೆ ಬಿತ್ತು. ಬ್ರೋನಾ ಅದನ್ನು ಗಮನಿಸಿದಳು, ಗಮನಿಸಿಲ್ಲ ಎಂಬಂತೆ ಮುಖ ಮಾಡಿದಳು.

ಐರ್ಲೆಂಡಿನ ಡೊನಿಗಾಲಿನ ಆ ತುದಿಯಲ್ಲಿ ಒಂದೊಂದು ಮನೆಗೆ ಒಂದೊಂದು ಕಾರು. ಹಾರ್ಕಿನ್ ಮನೆ ಫೋರ್ಡ್ ಎಸ್ಕಾರ್ಟಿನದು, ಟೋಲಂಡ್ ಮನೆ ಟೊಯೋಟಾ ಕರೋಲಾದ್ದು. ಎರಡೂ ಅಪ್ಪಂದಿರ ಕಾಲದ ಹಳೇ ಕಾರುಗಳೇ. ಎಂಜಿನ್ ಬದಲಿಸಿ, ಸೀಟು ಕಿತ್ತು, ರ್‍ಯಾಲಿಗೆ ಬೇಕಾದಂತೆ ಮಾಡಿಕೊಂಡವು. ಸಾವಿನ ಮನೆಯಲ್ಲಿ ಎರಡು ಮನೆಯವರೂ ಪಕ್ಕಪಕ್ಕ ಕೂತು ಚಹಾ ಕುಡಿಯುತ್ತಾರೆ. ಮಾತು ಕಾರಿನ ಕಡೆ ತಿರುಗಿತೋ, ಒಬ್ಬರು ಎದ್ದು ಹೋಗುತ್ತಾರೆ. ಎಸ್ಕಾರ್ಟಿಗೆ ಟೊಯೋಟಾದ ಒಂದು ಬೋಲ್ಟ್ ಹಾಕಿದರೂ ಫೆಲಿಮ್ ಹಾರ್ಕಿನ್ ಅನ್ನ ನೀರು ಬಿಟ್ಟಾನು. ಆ ಫೆಲಿಮನ ಒಬ್ಬಳೇ ಮಗಳು ಈಗ ಟೊಯೋಟಾದ ಹೊಟ್ಟೆಗೆ ಕೈ ಹಾಕಿ ನಿಂತಿದ್ದಳು.

"ಎಸ್ಕಾರ್ಟಿಗಾ?" ಎಂದ ಕೀಲನ್, ಫ್ಯಾನನ್ನೂ ಅವಳನ್ನೂ ನೋಡುತ್ತ. "ನಿಮ್ಮಪ್ಪಂಗೆ ಗೊತ್ತಾ?"

"ನೀನು ಹೋಗಿ ಹೇಳ್ತೀಯಾ?"

"ನಂಗೇನು ಜೀವ ಬೇಡ್ವಾ? ಎಂಜಿನ್ ಆಯಿಲ್ ತಣ್ಣಗಿಡೋ ಕೂಲರಿಗೆ ಹಾಕ್ತೀಯ ಅಲ್ವಾ? ದೊಡ್ಡದೊಂದು ಫ್ಯಾನ್ ಸಾಕಲ್ಲ."

"ಕೂಲರ್ ಅಡ್ಡಕ್ಕೆ ಉದ್ದ ಇದೆ. ದುಂಡನೇದು ಒಂದು ಹಾಕಿದ್ರೆ ಎರಡು ತುದಿಗೂ ಗಾಳಿ ಹೋಗಲ್ಲ. ಚಿಕ್ಕದು ಎರಡಿದ್ರೆ ಪೂರ್ತಿ ಮುಚ್ಚತ್ತೆ. ಒಂದು ಕೈ ಕೊಟ್ರೂ ಇನ್ನೊಂದು ಓಡತ್ತೆ."

ಅವನು ತಲೆಯಾಡಿಸಿದ. ನಗಲಿಲ್ಲ. ಕಾರಿನ ಮಾತಾಡಿದಾಗ ಗಂಡಸರು ನಗುವ ಆ ಸಣ್ಣ ನಗು ಅವನ ಮುಖದಲ್ಲಿ ಬರಲಿಲ್ಲ ಎಂಬುದೇ ಅವಳಿಗೆ ಕಿರಿಕಿರಿಯಾಯಿತು. ಬೈಯಲು ತಯಾರಾಗಿ ನಿಂತಿದ್ದವಳಿಗೆ ಬೈಯಲು ಏನೂ ಸಿಗಲಿಲ್ಲ.

ಅವನು ಕೈ ಬಿಟ್ಟ. "ತಗೊಂಡು ಹೋಗು. ಒಂದು ಮಾತು ಕೇಳು. ಇದು ಕೂಲರಿನ ಹಿಂದೆ ಕೂತು ಗಾಳಿ ಎಳೆಯೋ ಫ್ಯಾನು. ನೀನು ಮುಂದೆ ಕೂರಿಸಿ ತಳ್ಳೋ ಹಾಗೆ ಮಾಡೋದಾದ್ರೆ ವೈರ್ ಅದಲು ಬದಲು ಮಾಡಿದ್ರೆ ಸಾಲದು. ರೆಕ್ಕೆನೂ ಬಿಚ್ಚಿ ಮಗುಚಿ ಹಾಕು."

"ಟೋಲಂಡ್ ಮನೆಯವರು ಹಾರ್ಕಿನ್ ಮನೆಗೆ ಪುಕ್ಕಟೆ ಬುದ್ಧಿ ಹೇಳೋದು ಯಾವತ್ತಿಂದ?"

"ಇವತ್ತಿಂದ," ಎಂದ ಕೀಲನ್. ಕಿವಿ ಕೆಂಪಾಗಿತ್ತು.

ಅವನು ಬೇಕೆಂದೇ ದಾರಿ ತಪ್ಪಿಸುತ್ತಿದ್ದಾನೆ ಎಂದುಕೊಂಡಳು ಬ್ರೋನಾ. ನಾಕ್‌ಬಾನ್ ಗುಡ್ಡ ಹತ್ತುವ ಕಾರು ಸ್ಪರ್ಧೆಗೆ ಅವನೂ ಹೆಸರು ಕೊಟ್ಟಿದ್ದ. ಎದುರಾಳಿಯ ಫ್ಯಾನಿನ ರೆಕ್ಕೆ ಬಿಚ್ಚಿಸಿ ಮುರಿಸುವುದಕ್ಕಿಂತ ಸುಲಭದ ದಾರಿ ಯಾವುದಿದೆ? ಮನೆಗೆ ಬಂದವಳೇ ವೈರುಗಳನ್ನಷ್ಟೇ ಅದಲು ಬದಲು ಮಾಡಿದಳು. ಫ್ಯಾನು ತಿರುಗಿತು, ಗಾಳಿಯೂ ಬಂತು. ರೆಕ್ಕೆಯಂತೆ ರೆಕ್ಕೆ, ನಿನ್ನ ತಲೆ, ಎಂದು ಅಲ್ಲಿಲ್ಲದ ಕೀಲನ್‌ಗೆ ಹೇಳಿದಳು.

ಶೆಡ್ಡಿನ ಬಾಗಿಲಲ್ಲಿ ಫೆಲಿಮ್ ಬಂದು ನಿಂತ. ಕೈಯಲ್ಲಿ ದೊಡ್ಡ ತಟ್ಟೆಯಷ್ಟು ಅಗಲದ ಹಳೇ ಫ್ಯಾನು.

"ಇದನ್ನ ಹಾಕು. ನನ್ನ ಕಾರಲ್ಲಿ ಇಷ್ಟು ವರ್ಷ ಓಡಿಲ್ವಾ?"

"ನಿನ್ನ ಕಾರು ನಿಂದು ಅಪ್ಪ. ಇದು ನಂದು."

ಶಾಲೆ ಮುಗಿದಂದಿನಿಂದ ಅವಳು ರ್‍ಯಾಲಿಗಳಲ್ಲಿ ಅಪ್ಪನ ಎಡಗಡೆ ಸೀಟಿನಲ್ಲಿ ಕೂತು ದಾರಿಯ ನೋಟ್ಸ್ ಓದುತ್ತ ಬಂದವಳು. ಮುಂದಿನ ತಿರುವು ಎಡವೋ ಬಲವೋ, ಎಷ್ಟು ಕಡಿದೋ, ಅದರಾಚೆ ಏನಿದೆಯೋ, ಎಲ್ಲ ಅವಳ ಬಾಯಿಂದ ಬಂದ ಮೇಲೆಯೇ ಅವನ ಕೈ ಸ್ಟಿಯರಿಂಗ್ ತಿರುಗಿಸುತ್ತಿತ್ತು. ಬಹುಮಾನದ ಬಟ್ಟಲುಗಳ ಮೇಲೆ ಮಾತ್ರ ಅವನ ಹೆಸರು ದೊಡ್ಡದು, ಅವಳದು ಕೆಳಗೆ ಚಿಕ್ಕದು. ಈ ಸಲ ಅವಳು ತನ್ನದೇ ಎಸ್ಕಾರ್ಟಿಗೆ ಇನ್ನೂ ದೊಡ್ಡ ಎಂಜಿನ್ ಕೂರಿಸಿ, ಜೂನ್ ರ್‍ಯಾಲಿಯಲ್ಲಿ ನಾನೇ ಓಡಿಸುತ್ತೇನೆ ಎಂದಾಗ ಮನೆಯಲ್ಲಿ ಮಾತು ನಿಂತಿತ್ತು. ಕೊನೆಗೆ ಫೆಲಿಮ್ ಒಂದು ಷರತ್ತು ಹಾಕಿದ್ದ. ನಾಕ್‌ಬಾನ್ ಗುಡ್ಡ ಹತ್ತು. ಆಯಿಲ್ ಎಷ್ಟು ಕಾದಿದೆಯೆಂದು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಯಾಚೆ ಹೋದರೆ ಮತ್ತೆ ನನ್ನ ಎಡಗಡೆ ಸೀಟಿಗೆ ಬಾ, ಇನ್ನು ಈ ಮಾತು ಎತ್ತಬೇಡ. ಹೋಗದಿದ್ದರೆ ಜೂನಿಗೆ ಸ್ಟಿಯರಿಂಗ್ ನಿನ್ನದು.

ಆ ಮೀಟರಿನಲ್ಲಿ ಎರಡು ಮುಳ್ಳು. ಒಂದು ಏರುತ್ತದೆ, ಇಳಿಯುತ್ತದೆ. ಇನ್ನೊಂದು ಕೆಂಪು ಮುಳ್ಳು ಎಲ್ಲಿವರೆಗೆ ಏರಿತ್ತೋ ಅಲ್ಲೇ ನಿಂತುಬಿಡುತ್ತದೆ. ಸುಳ್ಳು ಹೇಳಲು ಜಾಗವಿಲ್ಲ.

"ಅಷ್ಟು ಚಿಕ್ಕ ಫ್ಯಾನು," ಎಂದು ಫೆಲಿಮ್ ಗೊಣಗಿದ. "ಕೂದಲು ಒಣಗಿಸೋಕೂ ಆಗಲ್ಲ."

"ನೋಡೋಣ."

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಊರೆಲ್ಲ ಚಿಪ್ಸ್ ಅಂಗಡಿಯ ಮುಂದೆ ಕಾರು ನಿಲ್ಲಿಸಿತ್ತು. ಬ್ರೋನಾ ಗುಡ್ಡದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದಿದ್ದಳು. ಮುಳ್ಳು ಕೆಂಪಿನ ಅಂಚಿಗೆ ಹೋಗಿ ನಿಂತಿತ್ತು. ಬಾನೆಟ್ ಎತ್ತಿ, ಸೊಂಟಕ್ಕೆ ಕೈ ಕೊಟ್ಟು, ಗರಗರ ತಿರುಗುತ್ತಿದ್ದ ಫ್ಯಾನುಗಳನ್ನು ದುರುಗುಟ್ಟಿ ನೋಡುತ್ತಿದ್ದಳು. ಅಳು ಬರುವಂತಿತ್ತು. ಅಳುವುದಿದ್ದರೆ ಮನೆಗೆ ಹೋಗಿ ಅಳಬೇಕು, ಈ ಜನರ ಮುಂದಲ್ಲ.

"ತಿರುಗ್ತಾ ಇದೆ, ಆದ್ರೂ ತಣ್ಣಗಾಗ್ತಿಲ್ಲ," ಎಂದಿತು ಬೆನ್ನ ಹಿಂದಿನ ದನಿ.

"ಹೋಗಯ್ಯ. ನಗೋದಿದ್ರೆ ದೂರ ಹೋಗಿ ನಗು."

ಕೀಲನ್ ನಗಲಿಲ್ಲ. ಕೈಯಲ್ಲಿದ್ದ ಚಿಪ್ಸ್ ಪೊಟ್ಟಣದ ಕಾಗದ ಬಿಡಿಸಿ, ಉಳಿದ ಚಿಪ್ಸನ್ನೆಲ್ಲ ಒಂದೇ ಸಲ ಬಾಯಿಗೆ ತುಂಬಿಕೊಂಡು, ಆ ಕಾಗದವನ್ನು ಫ್ಯಾನಿನ ಮುಂದಿನ ಜಾಲರಿಗೆ ಒತ್ತಿ ಹಿಡಿದ. ಕೈ ಬಿಟ್ಟ. ಕಾಗದ ಜಾರಿ ಅವಳ ಷೂ ಮೇಲೆ ಬಿತ್ತು.

ಬಾಯಿ ತುಂಬಿದ್ದರಿಂದ ಮಾತಾಡಲಾಗದೆ ಅವನು ಬೆರಳು ತೋರಿಸಿದ, ಕಾಗದದ ಕಡೆ, ರೆಕ್ಕೆಯ ಕಡೆ. ಕೆನ್ನೆ ಎರಡೂ ಉಬ್ಬಿದ್ದವು. ಅಷ್ಟು ಸಿಟ್ಟಿನಲ್ಲೂ ಬ್ರೋನಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

"ಮೊದಲು ನುಂಗು ಮಾರಾಯ. ಸತ್ತುಗಿತ್ತು ಹೋದೀಯ."

ಅವನು ನುಂಗಿದ. "ರೆಕ್ಕೆ ಒಂದು ಕಡೆಗೆ ಬಾಗಿದೆ ನೋಡು. ವೈರ್ ಬದಲಿಸಿದ್ರೆ ಉಲ್ಟಾ ತಿರುಗತ್ತೆ, ಆದ್ರೆ ಬೆನ್ನಿಂದ ಗಾಳಿ ತಳ್ಳತ್ತೆ. ಅರ್ಧ ಗಾಳಿನೂ ಬರಲ್ಲ. ನಾನೂ ಹಿಂದಿನ ವರ್ಷ ಇದೇ ತಪ್ಪು ಮಾಡಿ ಗುಡ್ಡದ ಅರ್ಧದಲ್ಲಿ ನಿಂತೆ."

"ಗುಜರಿಲಿ ನೀನು ಹೇಳ್ದೆ."

"ಹೇಳ್ದೆ."

"ಮೋಸ ಮಾಡ್ತಿದೀಯ ಅಂದ್ಕೊಂಡೆ."

"ಗೊತ್ತಾಯ್ತು. ನಿನ್ನ ಮುಖದಲ್ಲಿ ಎಲ್ಲಾ ಕಾಣತ್ತೆ ಬ್ರೋನಾ." ಅವನು ಅವಳ ಹೆಸರು ಹೇಳಿದ್ದು ಅದೇ ಮೊದಲು. ಬ್ರೋನಾ ಸ್ಪ್ಯಾನರ್ ತೆಗೆದು ಅವನ ಕೈಗೆ ಕೊಟ್ಟಳು.

ಊರಿನವರೆಲ್ಲ ನೋಡುತ್ತಿದ್ದಂತೆ, ಟೋಲಂಡ್ ಮನೆಯ ಹುಡುಗ ಹಾರ್ಕಿನ್ ಮನೆಯ ಎಸ್ಕಾರ್ಟಿನ ಮುಂದೆ ಮಂಡಿಯೂರಿದ. ಒಂದು ರೆಕ್ಕೆ ಅವನು ಬಿಚ್ಚಿದ, ಇನ್ನೊಂದು ಅವಳು. ನಡುವೆ ಒಂದೇ ಸ್ಪ್ಯಾನರ್. ಅದನ್ನು ಕೊಡುವಾಗ, ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಅಗತ್ಯಕ್ಕಿಂತ ಹೆಚ್ಚು ಸಲವೇ ತಾಗಿತು. ಮಗುಚಿ ಹಾಕಿ ಸ್ವಿಚ್ ಒತ್ತಿದಾಗ ಸದ್ದೇ ಬೇರೆಯಾಗಿತ್ತು. ಕೀಲನ್ ಕಾಗದ ಹಿಡಿದು ಕೈ ಬಿಟ್ಟ. ಅದು ಪಟ್ಟನೆ ಜಾಲರಿಗೆ ಅಂಟಿಕೊಂಡು ಅಲ್ಲೇ ಉಳಿಯಿತು.

"ಹಾಂ," ಎಂದ ಅವನು. ಕಾಗದ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

"ಇದನ್ನ ನಂಗೆ ಕೊಟ್ಟು, ನಿನ್ನ ಕಾರಿಗೆ ಏನು ಹಾಕ್ದೆ?"

"ಏನೋ ಒಂದು," ಎಂದು ಎದ್ದು ಪ್ಯಾಂಟು ಕೊಡವಿಕೊಂಡ.

ನಾಕ್‌ಬಾನ್ ಗುಡ್ಡದ ದಿನ ಬಿಸಿಲು ಬಿತ್ತು. ವರ್ಷದಲ್ಲಿ ಕೈಬೆರಳೆಣಿಕೆಯಷ್ಟು ದಿನ ಬೀಳುವ ಬಿಸಿಲು, ಅವತ್ತೇ ಬೀಳಬೇಕೆ? ಬ್ರೋನಾ ಹೆಲ್ಮೆಟ್ ತೊಟ್ಟು ಸಾಲಿನ ಮುಂದಕ್ಕೆ ಬಂದು, ಬಾವುಟ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಬಾವುಟ ಹಿಡಿದವನು ಕೈ ಅಡ್ಡ ಹಿಡಿದ. ಮೇಲೆ ರಸ್ತೆಗೆ ಕುರಿ ಬಂದಿದೆ. ಯಾರ ಕುರಿ ಎಂಬ ಚರ್ಚೆ ಶುರುವಾಯಿತು. ಬೇಲಿ ಯಾರು ತೆರೆದಿಟ್ಟರು ಎಂಬುದು ಅದರ ಹಿಂದೆ ಬಂತು.

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಮುಳ್ಳು ಏರಿತು. ಫೆಲಿಮ್ ಕಿಟಕಿಗೆ ಒರಗಿ ಮೀಟರನ್ನೇ ನೋಡುತ್ತಿದ್ದ.

"ಆಫ್ ಮಾಡು. ನಿನ್ನ ಕೈಲಾಗಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ."

"ನಾನು ಅಂತೀನಿ," ಎಂದಳು ಬ್ರೋನಾ. "ಸರಿ ಅಪ್ಪ ಆ ಕಡೆ."

ಫ್ಯಾನಿನ ಸ್ವಿಚ್ ಒತ್ತಿದಳು. ಮುಂದೆ ಎರಡೂ ಒಟ್ಟಿಗೆ ಎದ್ದವು. ಮುಳ್ಳು ಇನ್ನೊಂದು ಕೂದಲೆಳೆಯಷ್ಟು ಏರಿತು, ನಿಂತಿತು. ಅವಳು ಉಸಿರು ಬಿಟ್ಟಳು. ಕುರಿಗಳು ದಾರಿ ಬಿಟ್ಟವು. ಬಾವುಟ ಇಳಿಯಿತು.

ಗುಡ್ಡ ಹತ್ತುವಾಗ ಪಕ್ಕದ ಸೀಟು ಖಾಲಿ. ಅವಳ ಬಾಯಿ ಮಾತ್ರ ಅಭ್ಯಾಸಬಲದಿಂದ ತಿರುವುಗಳನ್ನು ಗಟ್ಟಿಯಾಗಿ ಹೇಳುತ್ತಲೇ ಇತ್ತು. ಈ ಸಲ ಅವಳ ಮಾತು ಕೇಳಿದ್ದು ಅವಳದೇ ಕೈಗಳು. ತುದಿ ಮುಟ್ಟಿದಾಗ ಕಣ್ಣು ತುಂಬಿತ್ತು. ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣಲಿಲ್ಲ.

ಕೆಳಗಿಳಿದು ಬಯಲಿನಲ್ಲಿ ಕಾರು ನಿಲ್ಲಿಸಿದಳು. ಫೆಲಿಮ್ ಕಿಟಕಿಯಿಂದ ತಲೆ ಹಾಕಿದ. ಕೆಂಪು ಮುಳ್ಳು ಗೆರೆಯ ಈಚೆಗೇ ನಿಂತಿತ್ತು. ಅವನು ಬೆರಳಿಂದ ಗಾಜು ತಟ್ಟಿದ. ಅದು ಅಲ್ಲಾಡಲಿಲ್ಲ.

"ಯಾವ ಫ್ಯಾನು ಇದು?"

ಯಾವುದೋ ಹಳೇದು ಅಂದಿದ್ದರೆ ಮುಗಿಯುತ್ತಿತ್ತು. "ಟೊಯೋಟಾದ್ದು," ಎಂದಳು ಬ್ರೋನಾ, ಸುತ್ತಲಿದ್ದವರಿಗೆಲ್ಲ ಕೇಳುವಂತೆ. "ರೆಕ್ಕೆ ಮಗುಚೋದು ಹೇಳ್ಕೊಟ್ಟಿದ್ದು ಕೀಲನ್ ಟೋಲಂಡ್. ಬೈಯೋದಿದ್ರೆ ಈಗ್ಲೇ ಬೈದುಬಿಡು. ಆಮೇಲೆ ನಂಗೆ ಕೆಲಸ ಇದೆ."

ಫೆಲಿಮ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ನಿನ್ನ ದನಿ ಪಕ್ಕದಲ್ಲಿ ಇಲ್ದೆ ಹೋದ್ರೆ ನಂಗೆ ತಿರುವೇ ಕಾಣಲ್ಲ ಕಣೇ," ಎಂದ. "ಅದಕ್ಕೇ ಬೇಡ ಅಂದಿದ್ದು. ಕಾರು, ಆಯಿಲು, ಅದೆಲ್ಲ ನೆಪ."

ಅವಳು ಅಪ್ಪನ ಕೈ ಹಿಡಿದಳು. ಮನಸ್ಸು ಕರಗಿತು, ನಿರ್ಧಾರ ಕರಗಲಿಲ್ಲ. "ಗೊತ್ತು ಅಪ್ಪ. ಆದ್ರೂ ಜೂನಿಗೆ ನಾನು ಓಡಿಸ್ತೀನಿ."

ಬಯಲಿನ ಆಚೆ ತುದಿಯಲ್ಲಿ ಕರೋಲಾ ಬಾಯಿ ತೆರೆದು ನಿಂತಿತ್ತು. ಕುರಿಗಾಗಿ ಕಾಯುತ್ತ ಅದರ ಆಯಿಲ್ ಕುದಿದು, ಕೀಲನ್ ಸಾಲಿನಿಂದ ಹೊರಬಂದಿದ್ದ. ಗುಡ್ಡ ಹತ್ತಿರಲೇ ಇಲ್ಲ. ಟೋಪಿಯಲ್ಲಿ ಕೂಲರಿಗೆ ಗಾಳಿ ಹಾಕುತ್ತಿದ್ದ. ಅಲ್ಲಿ ಫ್ಯಾನೇ ಇರಲಿಲ್ಲ.

"ಏನೋ ಒಂದು ಅಂದ್ರೆ ಟೋಪಿನಾ?" ಎಂದಳು ಬ್ರೋನಾ.

"ಗುಡ್ಡ ಮುಂದಿನ ವರ್ಷನೂ ಇಲ್ಲೇ ಇರತ್ತೆ."

ಅವನ ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು, ಇಡೀ ಕರೋಲಾ ಮನೆಯೇ ಅಲ್ಲಿ ನಿಂತಿತ್ತು. ಬ್ರೋನಾ ಯಾರನ್ನೂ ನೋಡಲಿಲ್ಲ.

"ಜೂನಿಗೆ ನನ್ನ ಎಡಗಡೆ ಸೀಟು ಖಾಲಿ ಇದೆ. ನೋಟ್ಸ್ ಓದ್ತೀಯಾ?"

ಯಾರೋ ಕೆಮ್ಮಿದರು. ಟೋಲಂಡ್ ಮನೆಯ ಗಂಡಸು, ಎಸ್ಕಾರ್ಟಿನಲ್ಲಿ, ಅದೂ ಹೆಂಗಸು ಓಡಿಸುವಾಗ ಪಕ್ಕದಲ್ಲಿ ಕೂತು ನೋಟ್ಸ್ ಓದುವುದೆಂದರೆ ಆ ಊರಿನಲ್ಲಿ ನಿಶ್ಚಿತಾರ್ಥದ ಉಂಗುರ ತೊಡಿಸಿಕೊಂಡದ್ದಕ್ಕಿಂತ ಹೆಚ್ಚು.

"ಕಾರಲ್ಲಿ ಓದಿದ್ರೆ ನಂಗೆ ವಾಂತಿ ಬರತ್ತೆ," ಎಂದ ಕೀಲನ್ ಮೆಲ್ಲಗೆ.

"ಚೀಲ ಇಡ್ತೀನಿ."

"ಪ್ರತಿ ತಿರುವಿಗೂ ಬರತ್ತೆ ಬ್ರೋನಾ."

"ದೊಡ್ಡ ಚೀಲ ಇಡ್ತೀನಿ. ನೋಡು ಕೀಲನ್, ನಂಗೆ ನೀನಂದ್ರೆ ಇಷ್ಟ. ಸುತ್ತಿ ಬಳಸಿ ಹೇಳೋಕೆ ಬರಲ್ಲ. ನಿಂಗೆ ಇಷ್ಟ ಇಲ್ಲ ಅಂದ್ರೆ ಇಲ್ಲಿ ಎಲ್ಲರ ಮುಂದೇನೇ ಹೇಳಿಬಿಡು."

ಅವನು ಟೋಪಿಯನ್ನು ಕರೋಲಾದ ಎಂಜಿನ್ ಮೇಲೆ ಇಟ್ಟ. "ವಾರವಾರ ನೀನು ಗುಜರಿಗೆ ಬರೋ ಹೊತ್ತಿಗೇ ನಾನೂ ಬರೋದು ಫ್ಯಾನಿಗೆ ಅಂದ್ಕೊಂಡಿದ್ಯಾ?" ಎಂದ. ಅಷ್ಟು ಹೇಳಿ, ಅವನ ಚಿಕ್ಕಪ್ಪ ಏನೋ ಅನ್ನುವಷ್ಟರಲ್ಲಿ, ಅವಳ ಕೈ ಹಿಡಿದು ಬಯಲು ದಾಟಿ ಎಸ್ಕಾರ್ಟಿನ ಎಡಗಡೆ ಸೀಟಿಗೆ ತೂರಿಕೊಂಡ. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಸೀಟನ್ನು ಹಿಂದೆ ಸರಿಸಲು ಹೋದ.

"ಅದು ಜರುಗಲ್ಲ. ಅಪ್ಪನ ಕಾರಿನ ಹಾಗೇ ನನ್ನ ಅಳತೆಗೆ ವೆಲ್ಡ್ ಮಾಡಿದ್ದು. ಬದಲಿಸೋಣ," ಎಂದಳು ಬ್ರೋನಾ. ಕಾರು ಹೊರಡಿಸಿದಳು. "ಅಭ್ಯಾಸ ಶುರು. ಮುಂದೆ ಏನಿದೆ ಹೇಳು."

"ಎಡಕ್ಕೆ, ಸಣ್ಣದು. ಕೆಸರು. ಆಮೇಲೆ ಗೇಟು." ಅವನು ನುಂಗಿಕೊಂಡ. "ಗೇಟು ಮುಚ್ಚಿದೆ. ಗೇಟಿನ ಮುಂದೆ ನಿಮ್ಮಪ್ಪ."

"ನಿಲ್ಲಿಸ್ಲಾ?"

ಕೀಲನ್ ಕಣ್ಣು ಕಿರಿದಾಗಿಸಿ ನೋಡಿದ. ಫೆಲಿಮ್ ಹಾರ್ಕಿನ್ ಮಗಳ ಎಡಗಡೆ ಸೀಟಿನಲ್ಲಿ ಕೂತಿದ್ದ ಟೋಲಂಡ್ ಹುಡುಗನನ್ನು ನೋಡಿದ, ನೆಲಕ್ಕೆ ಉಗಿದ, ಬೆನ್ನು ತಿರುಗಿಸಿ ಗೇಟಿನ ಚಿಲಕಕ್ಕೆ ಕೈ ಹಾಕಿದ.

"ಬೇಡ," ಎಂದ ಕೀಲನ್. "ತೆಗೀತಿದಾರೆ. ಹೋಗು."