ಅಂಕಯ್ಯನ ತಲೆಯ ಮೇಲಿನ ಪೂಜೆ

ಪೂಜಾ ಕುಣಿತದ ಮೂಲ ಆಗಮಗ್ರಂಥಗಳಲ್ಲಿ ದೊರೆಯದ ಕಾರಣ, ಕಳೆದ ಮಾಘದಲ್ಲಿ ನಾನು ಹಲಗೂರಿನ ಸಮೀಪದ ಕುಣಿತಗಾರ ಅಂಕಯ್ಯನಲ್ಲಿಗೆ ಹೋದೆ. ಸದಾ ಆತನ ಹೆಗಲೇರಿ ತಿರುಗುತ್ತಿದ್ದ ಪುಟ್ಟ ಮಗಳು ಸಿಂಚನ ಜ್ವರದಿಂದ ತೀರಿಕೊಂಡು ಕೆಲವು ತಿಂಗಳಾಗಿತ್ತು. ದೇವಿಯ ಮುಖವಿರುವ ಬಿದಿರಿನ ಚೌಕಟ್ಟಿಗೆ, ಅಂದರೆ ಪೂಜೆಗೆ, ಸೀರೆಗಳ ನಡುವೆ ಆ ಮಗುವಿನ ಹಸಿರು ಲಂಗವನ್ನೂ ಉಡಿಸಿದ್ದರು.

"ಈ ಕುಣಿತ ಹೇಗೆ ಹುಟ್ಟಿತಪ್ಪಾ?" ಎಂದೆ.

"ಮಗೀನ ಕಳ್ಕಂಡ ಅಪ್ಪನೊಬ್ಬ ಬರಿ ಎಗ್ಲು ತಡಿಯಾಕಾಗ್ದೆ ದೇವೀನ ತಲೆ ಮ್ಯಾಲೆ ಇಕ್ಕಂಡು ಕುಣಿದ್ನಂತೆ, ಸ್ವಾಮಿ. ನಮ್ಮಜ್ಜ ಅನ್ನೋನು."

ಮಧ್ಯಾಹ್ನದ ಬಿಸಿಲಿನಲ್ಲಿ, ನೆರೆದ ಊರವರ ಮುಂದೆ, ತಮಟೆಯ ಬಡಿತಕ್ಕೆ ಅವನು ಪೂಜೆಯನ್ನು ಕೈಯಿಂದ ಮುಟ್ಟದೆ ತಲೆಯ ಮೇಲೆ ನಿಲ್ಲಿಸಿಕೊಂಡು ಕುಣಿದನು. ತಮಟೆ ನಿಂತಿತು, ಅವನ ಕಾಲುಗಳೂ ನಿಂತವು. ಪೂಜೆ ಮಾತ್ರ ಗುಂಪಿನಲ್ಲಿ ಯಾರನ್ನೋ ಹುಡುಕುವಂತೆ ಮೆಲ್ಲಗೆ ತಿರುಗಿ, ಅವನ ಹೆಂಡತಿ ಪಟ್ಟಲಮ್ಮನ ಎದುರಿಗೆ ನಿಂತಿತು.

ಇಳಿಸಲು ನಾನೂ ಕೈಜೋಡಿಸಿದೆ. ಆಗ ಕಂಡಿತು: ಅಂಕಯ್ಯನ ಎರಡೂ ಕಿವಿಗಳ ಮೇಲಿನ ಕೂದಲು ಪುಟ್ಟ ಮುಷ್ಟಿಗಳಿಗೆ ಸಿಕ್ಕಂತೆ ಬಿಗಿದು ನಿಂತಿತ್ತು.

"ಇಳುಸ್ಬ್ಯಾಡಿ ಕಣ್ರಪ್ಪಾ," ಪಟ್ಟಲಮ್ಮ ಅತ್ತಳು. "ಬಿದ್ದೋಯ್ತೀನಿ ಅಂತ ಎದ್ರುಕಂಡವ್ಳೆ."

ಪೂಜೆಯನ್ನು ಎತ್ತಿ ನೆಲಕ್ಕಿಟ್ಟೆವು. ಆದರೂ ಕೂದಲಿನ ಬಿಗಿ ಸಡಿಲಲಿಲ್ಲ. ಅಂಕಯ್ಯ ಕತ್ತು ಅಲುಗಿಸದೆ, ಬರಿದಲೆಯಲ್ಲಿ, ಸಂಜೆಯವರೆಗೂ ಹಾಗೆಯೇ ನಿಂತಿದ್ದನು.