ಚಿವುಟಿದ ಹತ್ತು ಸಸಿ

"ಯಾವ ದನ ಮೇಯ್ದಿದ್ದು ಇದನ್ನ?"

ಆ ಕೂಗಿಗೆ ಗಂಗಾಂಬಿಕೆಯ ಕೈಯಿಂದ ನೀರಿನ ಕೊಡ ಜಾರಿತು.

೧೯೫೭ರ ಭಾದ್ರಪದ. ಹಂಗಳ ಊರಾಚೆಯ ಸಸಿತೋಟಕ್ಕೆ ಮೈಸೂರಿನಿಂದ ಶಿವರುದ್ರಸ್ವಾಮಿ ಪ್ರಯೋಗ ಮಾಡಲು ಬಂದು ತಿಂಗಳಾಗಿತ್ತು. ಒಮ್ಮೆಯಾದರೂ ಮಾತಾಡಿಸಲಿ ಎಂದು ನೀರು ಹೊರುವ ಗಂಗಾಂಬಿಕೆ ಕಾದಿದ್ದಳು. ಮೊದಲ ಮಾತೇ ಇದು!

"ದನ ಅಲ್ಲ, ನಾನೆಯ. ನೀವು ಆ ಸಾಲಿನ ಕುಡಿ ಕತ್ತರಿಸಿದ್ರಲ್ಲ... ಈ ಸಾಲು ಮರ್ತ್ರಿ ಅಂದ್ಕಂಡು ಹತ್ತು ಸಸಿ ಚಿವುಟ್ದೆ. ಅವರೆ, ಸೇವಂತಿಗೆ ಎಲ್ಲಾಕೂ ಚಿವುಟ್ತೀವಿ, ಕವಲು ಒಡೀಲಿ ಅಂತ."

"ಇದು ಅವರೆ ಗಿಡನಾ? ಪೈನ್ ಸಸಿ!" ಅವನ ತುಟಿ ತಿರಸ್ಕಾರದಿಂದ ಸೊಟ್ಟಗಾಯಿತು. "ತುದಿಯಲ್ಲಿ ಹಾರ್ಮೋನು ಅಂತ ಒಂದು ರಸ ಹುಟ್ಟುತ್ತೆ. ಅದು ಕೆಳಗಿಳಿದು ಪಕ್ಕದ ಮೊಗ್ಗುಗಳನ್ನ ಮಲಗಿಸಿಡುತ್ತೆ. ತುದಿ ಕತ್ತರಿಸಿ, ಅದೇ ರಸದ ಮುಲಾಮು ಹಚ್ಚಿದ್ರೂ ಮೊಗ್ಗು ಏಳಲ್ಲ ಅಂತ ತೋರಿಸ್ಬೇಕು ನಾನು. ಇದು ಹೋಲಿಸಿ ನೋಡೋಕೆ ಕೈಮುಟ್ಟದೆ ಇಡಬೇಕಾದ ಸಾಲು. ನಿನಗೆಲ್ಲಿ ತಿಳೀಬೇಕು!"

"ಬುಡಿ ಸ್ವಾಮ್ಯೋರೆ! ಮುಲಾಮು ಮೆತ್ತಿದ್ದೂ ಕವಲು ಒಡೀದು, ಮುಟ್ಟದೆ ಇರೋದೂ ಒಡೀದು. ಆಮ್ಯಾಕೆ ನಿಮ್ಮ ಮುಲಾಮು ಏನ್ ಕಡಿದಂಗಾಯ್ತು?"

"ಓಹೋ! ಕೊಡ ಹೊರೋಳು ನನಗೆ ಪಾಠ ಹೇಳ್ತಾಳೆ! ನಾಳೆಯಿಂದ ಬರಬೇಡ."

ದಾರಿಯುದ್ದಕ್ಕೂ ಅವಳು ಅತ್ತಳು. ಥೂ, ಇವನಿಗಾಗಿಯೇ ದಿನಾ ಮುಡಿಗೆ ಹೂವಿಟ್ಟೆನೇ? ಬಿಳಿ ಶರ್ಟು ತೊಟ್ಟರೆ ಬುದ್ಧಿ ಬಂದುಬಿಡುತ್ತದೆಯೇ?

ಒಂದೂವರೆ ತಿಂಗಳು ಕಳೆಯಿತು. ಅವರೆ ಹೂ ಬಿಟ್ಟ ಅವಳ ಮನೆಯ ಹೊಲದ ಬದುವಿನಲ್ಲಿ ಅವನು ನಿಂತಿದ್ದ! ಎರಡು ಕಂಕುಳಲ್ಲೂ ಒಂದೊಂದು ಮಣ್ಣಿನ ಕುಂಡ. ಬಿಳಿ ಶರ್ಟಿನ ತುಂಬ ಕೆಸರು.

ಅವಳ ಎದೆ ಹಾರಿತು. ಬಾಯಿ ಮಾತ್ರ ಸೋಲಲಿಲ್ಲ.

"ಯಾಕೆ, ಸತ್ತೋದ್ವಾ? ಎಣ ತೋರ್ಸಕ್ ಬಂದ್ರಾ?"

"ಬದುಕಿವೆ... ನೋಡು."

ಒಂದು ಕುಂಡದ ಸಸಿ ಮುಲಾಮು ಹಚ್ಚಿದ ಗಾಯ ಹೊತ್ತು ಸುಮ್ಮನೆ ನಿಂತಿತ್ತು. ಇನ್ನೊಂದು ಅವಳು ಚಿವುಟಿದ್ದು. ಅದರ ಸೂಜಿಯಂಥ ಎಲೆಗಳ ನಡುವಿನಿಂದ ನಾಲ್ಕು ಎಳೆ ಚಿಗುರು ಎದ್ದಿದ್ದವು.

"ತುದಿ ತೆಗೆದು ಮುಲಾಮು ಹಚ್ಚದ ಸಸಿಗಳನ್ನ ನಾನು ಇಟ್ಟೇ ಇರ್ಲಿಲ್ಲ. ನೀನು ಹೇಳಿದ್ದೇ ಸರಿ. ಆ ಹತ್ತು ಸಸಿ ಕವಲು ಒಡೆದದ್ದಕ್ಕೇ ಮೊಗ್ಗು ಮಲಗಿಸಿದ್ದು ಮುಲಾಮು ಅಂತ ಗೊತ್ತಾಯ್ತು, ಇಲ್ದಿದ್ರೆ ನನ್ನ ಕೆಲಸವೆಲ್ಲ ಕಸ. ವರದಿಯಲ್ಲಿ ನಿನ್ನ ಹೆಸರು ಬರೆದಿದ್ದೀನಿ."

"ಎಸರು ಬರುದ್ರೆ ಆಗೋಯ್ತಾ? ದನ ಅಂದ್ರಲ್ಲ!"

"ದನ ನಾನೇ." ಅವನು ಚಿಗುರಿದ ಕುಂಡವನ್ನು ಅವಳತ್ತ ಚಾಚಿದ. "ತಿಂಗಳೆಲ್ಲ ನಿನ್ನ ಮಾತಾಡಿಸ್ಬೇಕು ಅಂತ ಒದ್ದಾಡಿದೆ... ಬಾಯಿ ತೆರೆದರೆ ಬೈಗುಳ ಬಂತು. ಗಂಗಾ, ಬರ್ತೀಯಾ?"

"ಕೊಡ ಹೊರಕಾ?"

"ಮನೆ ತುಂಬೋಕೆ... ನಿಮ್ಮಪ್ಪನ್ನ ಯಾವಾಗ ಕೇಳ್ಲಿ?"

ಅವಳು ಅವನ ಕೈಯಿಂದ ಚಿಗುರಿದ ಕುಂಡವನ್ನು ಮೆಲ್ಲಗೆ ತೆಗೆದುಕೊಂಡಳು.

"ಸಂಜೀಕೆ ಬನ್ನಿ. ಬರುವಾಗ ಆ ಬಾಯಿಗೂ ಒಸಿ ಮುಲಾಮು ಮೆತ್ಕಂಡ್ ಬನ್ನಿ... ಬೈಗುಳ ಚಿಗುರದಂಗೆ!"

"ಪ್ರೀತಿ ಚಿಗುರಿದ್ರೆ?"

"ಅದುಕ್ಕೆ ಮೆತ್ತಬ್ಯಾಡಿ..." ಎಂದಳು ಗಂಗಾಂಬಿಕೆ, ಸಸಿಯತ್ತ ನೋಡುತ್ತ.