ಕರಿದಾರದ ಸೀಟು

"ಗಾಡಿ ಒಯ್ಯರಿ, ಬಣ್ಣಾ ಹಚ್ಚರಿ, ಏನರ ಮಾಡ್ರಿ. ಹಿಂದಿನ ಸೀಟಿನ ಹೊಲಿಗಿ ಮಾತ್ರ ಬಿಚ್ಚಬ್ಯಾಡ್ರಿ."

ನರೇಗಲ್ಲಿನ ಮನೆಯ ಹಿತ್ತಲಲ್ಲಿ ನಿಂತು ಇಷ್ಟು ಹೇಳುವಾಗ ಭಾಗೀರಥಿಬಾಯಿ ಮೊಮ್ಮಗಳ ಗಂಡನ ಮುಖ ನೋಡಲಿಲ್ಲ, ಕಾರಿನ ಕಡೆಗೂ ನೋಡಲಿಲ್ಲ. ಸುಮೇಧ ನಕ್ಕ. ಮೈಸೂರಿನವನು, ರೋಣದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದು, ಈ ಮನೆಯ ಪದ್ಮಶ್ರೀಯನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ಇಲ್ಲಿಯ ಜನ ಹೆದರುವುದೆಲ್ಲ ಅವನಿಗೆ ಇನ್ನೂ ತಮಾಷೆಯೇ.

"ಬಿಚ್ಚಿದರೆ ದೆವ್ವ ಬರುತ್ತಾ ಅಜ್ಜಿ? ಬರಲಿ, ಹಿಂದೆ ಕೂರಿಸಿಕೊಂಡು ಹೋಗ್ತೀನಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಯಾಕೆ ಬಿಚ್ಚಬಾರದೆಂದು ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅದು ತೀರಿಹೋದ ಅಜ್ಜನ ಅಂಬಾಸಿಡರ್. ಎಂಜಿನ್ ಸರಿಹೋಯಿತು, ಬಣ್ಣ ಬಂತು. ಒಳಗಿನದೇ ತಕರಾರು. ರೆಕ್ಸಿನ್ ಬಿರಿದು ಸೀಟಿನ ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು. ಬಾಗಿಲು ತೆಗೆದರೆ ಹುಳಿತ ಹಾಲಿನ ವಾಸನೆ. ಹಳೇ ಕಾರಿನ ಚೆಲುವು ಅದರ ಸವಕಲಿನಲ್ಲೇ ಇದೆ, ಹಾಗೇ ಬಿಡಬೇಕು ಎಂದು ಒಂದು ದಿನ ಅನ್ನಿಸಿದರೆ, ಏಳು ತಿಂಗಳ ಬಸುರಿ ಹೆಂಡತಿಯನ್ನು ಈ ಮುಳ್ಳಿನ ಮೇಲೆ ಕೂರಿಸುವುದು ಹೇಗೆ ಎಂದು ಮರುದಿನ ಅನ್ನಿಸುತ್ತಿತ್ತು. ಎರಡು ವಾರ ಹೀಗೆ ಹಿಂದೆ ಮುಂದೆ ನೋಡಿ, ಕೊನೆಗೆ ತಾನೇ ಜಾಣನೆಂಬಂತೆ ಒಂದು ಹಾದಿ ಹುಡುಕಿದ. ಮೇಲೆ ಹೊಸ ಚರ್ಮ, ಒಳಗೆ ಅಜ್ಜ ತುಂಬಿಸಿದ್ದ ಅದೇ ಹತ್ತಿ. ಹಿಂಜಿಸಿ ಮತ್ತೆ ತುಂಬಿದರಾಯಿತು.

ಗಜೇಂದ್ರಗಡದ ಮದರಸಾಬ ಗಾದಿ ಮತ್ತು ಸೀಟು ಹೊಲಿಯುವ ಪಿಂಜಾರ. ಸೀಟನ್ನು ಬೋರಲು ಹಾಕಿದವನೇ ಕೈ ಹಿಂದಕ್ಕೆ ತೆಗೆದುಕೊಂಡ. ತಳದ ಹೊಲಿಗೆಯೆಲ್ಲ ಕರಿದಾರ, ಗೇಣಿಗೊಂದು ಗಂಟು.

"ಬಿಚ್ಚು ಮಾರಾಯ" ಎಂದ ಸುಮೇಧ.

ಮದರಸಾಬ ಬಿಚ್ಚಿದ. ಹತ್ತಿಯ ನಡುವೆ ಹೆಂಗಸಿನ ಕೂದಲಿನ ಜುಂಗು. ಅದರೊಳಗೆ ಏಳು ಸೂಜಿ ಚುಚ್ಚಿದ, ಒಣಗಿ ಕಪ್ಪಾದ ಹೊಕ್ಕುಳಬಳ್ಳಿ. ವಾಸನೆ ಅಂಗಡಿ ತುಂಬಿತು.

"ಇದು ಮಾಟದ ಅರಳಿರಿ ಸಾಹೇಬ್ರ. ಹ್ಯಾಂಗಿತ್ತೋ ಹಂಗ ಹೊಲದು ಕೊಡತೇನಿ, ಒಯ್ಯರಿ."

"ಹತ್ತಿಗೇನು ಗೊತ್ತು ಮಾಟ?"

"ಯಾರ ಮೈ ತಾಗಿದ್ದು ಅಂತ ತಿಳೀದ ಅರಳಿ ನಮ್ಮ ಮಂದಿ ಹಿಂಜೂದಿಲ್ರಿ. ನಮ್ಮಪ್ಪನೂ ಹಿಂಜಿಲ್ಲ."

ಸುಮೇಧ ಕೂದಲು, ಹೊಕ್ಕುಳಬಳ್ಳಿ, ಸೂಜಿ ಎಲ್ಲವನ್ನೂ ಚರಂಡಿಗೆ ಎಸೆದ. ಹತ್ತಿಯನ್ನು ಚೀಲಕ್ಕೆ ತುಂಬಿ ರೋಣಕ್ಕೆ ಒಯ್ದು ಯಂತ್ರದಲ್ಲಿ ಹಿಂಜಿಸಿದ. ಅಲ್ಲೇ ಹೊಲಿಸಿದ ಸೀಟು ಹೊಳೆಯುತ್ತ ತಯಾರಾಯಿತು. ಒಂದು ಹಿಡಿ ಹತ್ತಿ ಮಿಕ್ಕಿತು. ಹುಟ್ಟುವ ಕೂಸಿಗೆ ಹೊಸತು ಯಾವುದನ್ನೂ ತಾಗಿಸಬಾರದು, ಹಿರಿಯರು ಬಳಸಿದ ಹಳೆಯದೇ ಆಗಬೇಕು ಎಂಬುದು ಪದ್ಮಶ್ರೀಯ ತವರಿನ ಪದ್ಧತಿ.

"ಅಜ್ಜನ ಗಾಡೀ ಹತ್ತೀನ ಅಲ್ಲ? ಕೂಸಿನ ದಿಂಬಿಗೆ ಚಲೋ ಆತು" ಎಂದಳು ಅವಳು. ಅಜ್ಜಿಯ ಮಾತಾಗಲಿ ಸೂಜಿಯ ಸಂಗತಿಯಾಗಲಿ ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ಹೇಳಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಓಣಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಸುಮೇಧನಿಗೆ ಆ ಅಳು ಎಷ್ಟು ಕೇಳಿದರೂ ಸಾಲದು. ಹದಿಮೂರನೆಯ ದಿನ ನರೇಗಲ್ಲಿನಲ್ಲಿ ತೊಟ್ಟಿಲ ಕಾರ್ಯ. ಹೊಸ ಸೀಟಿನ ಕಾರನ್ನು ಅವನು ಹಿತ್ತಲಲ್ಲಿ ತಂದು ನಿಲ್ಲಿಸಿದ. ಕಿಟಕಿಯಿಂದ ಅದನ್ನು ನೋಡಿದ ಭಾಗೀರಥಿಬಾಯಿ ಕಿಟಕಿ ಮುಚ್ಚಿ ಅಗುಳಿ ಹಾಕಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ನಡುಹಗಲು. ಹೆಂಗಸರು ಜೋಗುಳ ಹಾಡುತ್ತಿದ್ದರು. ಅಳುತ್ತಿದ್ದ ಮಗುವನ್ನು ತೊಟ್ಟಿಲಿಗೆ ಹಾಕಿ, ತಲೆಯಡಿಗೆ ಆ ದಿಂಬು ಇಟ್ಟರು.

ಅಳು ನಿಂತಿತು.

ಮಲಗಿತೆಂದು ಬಗ್ಗಿ ನೋಡಿದರೆ ಮಗು ಮಲಗಿರಲಿಲ್ಲ. ಬಾಯಿ ಅಗಲವಾಗಿ ತೆರೆದಿತ್ತು. ಮುಖ ಕೆಂಪೇರಿತ್ತು. ಎದೆ ಏರಿ ಇಳಿಯುತ್ತಿತ್ತು. ಅಳುತ್ತಲೇ ಇತ್ತು. ಸದ್ದಿಲ್ಲ.

ಸದ್ದು ಹಿತ್ತಲಿನಿಂದ ಬಂತು.

ಸುಮೇಧ ಓಡಿದ. ಕಾರಿನ ಗಾಜುಗಳೆಲ್ಲ ಏರಿದ್ದವು. ಒಳಗೆ ಎಳೆಗೂಸಿನ ಅಳು. ಬಾಗಿಲು ಕಿತ್ತಂತೆ ಎಳೆದ. ಯಾರೂ ಇಲ್ಲ. ಸೀಟಿನ ಮೇಲೆ ಕೈಯಿಟ್ಟ. ಚರ್ಮ ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಕಲಿತ ವಿದ್ಯೆ ಒಂದೂ ನೆರವಿಗೆ ಬರಲಿಲ್ಲ. ಸೀಟನ್ನು ಕಿತ್ತು ನೆಲಕ್ಕೆ ಎಳೆದ. ಒಳಗೆ ಓಡಿ ದಿಂಬು ತಂದ. ಪೆಟ್ರೋಲ್ ಸುರಿದ. ಕಡ್ಡಿ ಗೀರಿದ.

"ಸುಡಬ್ಯಾಡ್ರಿ" ಎನ್ನುತ್ತ ಭಾಗೀರಥಿಬಾಯಿ ಗೋಡೆ ಹಿಡಿದು ಬಂದರು. ಬೆಂಕಿ ಆಗಲೇ ಆಳೆತ್ತರ ಎದ್ದಿತ್ತು.

ಬೆಂಕಿಯೊಳಗಿನ ಅಳು ಏರಿತು. ಪದ್ಮಶ್ರೀ ಹೊಸ್ತಿಲಲ್ಲಿ ನಿಂತು ಕೇಳಿದಳು. ತಾಯಿಗೆ ಗುರುತು ಹತ್ತದೆ ಇರುತ್ತದೆಯೇ?

"ರೀ, ಅದು ನಮ್ಮ ಕೂಸಿನ ದನಿ."

ಅವನು ಬರಿಗೈಯಲ್ಲಿ ಬೆಂಕಿಗೆ ಬಿದ್ದ. ಹತ್ತಿ ಎಷ್ಟು ಹೊತ್ತು ಉರಿದೀತು? ಅಳು ಸಣ್ಣಗಾಯಿತು. ಬಿಕ್ಕಿತು. ಆರಿತು.

"ಮನಿಗೆಲಸಕ್ಕ ಮಾನವ್ವ ಅಂತ ಇದ್ಲು" ಎಂದರು ಭಾಗೀರಥಿಬಾಯಿ, ಬೂದಿಯ ಮುಂದೆ ಕುಳಿತು. "ನಮ್ಮ ಮನಿಯವರಿಂದ ಬಸರಾಗಿದ್ಲು. ಗದಗಿಗೆ ಒಯ್ಯುವಾಗ ಆ ಸೀಟಿನ ಮ್ಯಾಲ ಹಡದ್ಲು. ಊರಿಗೆ ಅಳು ಕೇಳಬಾರದಂತ ಗಾಡೀ ಕಿಟಕೀ ಕಾಜು ಏರಿಸಿದ್ವಿ. ಬ್ಯಾಸಗಿ. ಕೂಸು ಉಸುರುಗಟ್ಟಿ ಹೋತು. ಈ ಮನಿ ಕೂಸಿನ ದನೀನೂ ಇದರಾಗ ಸಿಗಲಿ ಅಂತ ಅಕಿ ಮಾಟಾ ಮಾಡಿಸಿ ಹತ್ತ್ಯಾಗ ಇಟ್ಲು. ಮಂತ್ರಗಾರ ಕರಿದಾರದಲೆ ಹೊಲದು ಕಟ್ಟಿಹಾಕಿದ. ಒಂದ ವ್ಯಾಳ್ಯಾ ಬಿಚ್ಚಿ, ದನಿ ಸಿಕ್ಕರ, ಹತ್ತಿ ಹೊಳಿಗೆ ಬಿಡ್ರಿ, ದನಿ ಹೊಳ್ಳಿ ಬರತದ ಅಂದಿದ್ದ. ಸುಟ್ಟರ ಇಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರ, ಕಾಜು ಏರಿಸಿದಾಕಿ ಯಾರಂತ ಸೈತ ಹೇಳಬೇಕಾಗತಿತ್ತು."

ಸುಮೇಧ ತನ್ನ ಸುಟ್ಟ ಕೈಗಳನ್ನು ನೋಡಿಕೊಂಡ. ಕೇಳದೆ ನಕ್ಕವನು ತಾನೇ.

ಈಗ ಮಗುವಿಗೆ ಐದು ತಿಂಗಳು. ಗಂಟಲಲ್ಲಿ ದೋಷವಿಲ್ಲ ಎನ್ನುತ್ತಾರೆ ವೈದ್ಯರು. ಹಸಿದರೆ, ನೊಂದರೆ, ಹೆದರಿದರೆ ಕರೆಯಲು ಅವಳಿಗೆ ದನಿಯಿಲ್ಲ. ಹಾಗಾಗಿ ಯಾರಾದರೂ ಅವಳ ಮುಖ ನೋಡುತ್ತಲೇ ಇರಬೇಕು. ಸುಟ್ಟ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮೇಧ ನೋಡುತ್ತ ಕೂರುತ್ತಾನೆ. ಪದ್ಮಶ್ರೀ ಅವನೊಡನೆ ಮಾತು ಬಿಟ್ಟಿದ್ದಾಳೆ.